46 ಕಿಲೋ ತೂಕದವರು 88 ಕಿಲೋದವರಿಗೆ ಸಿಪಿಆರ್ ಕೊಡಬಹುದಾ?

ಪ್ರಶ್ನೆ: ಡಾಕ್ಟರೇ, ನಾವು ಡೊಂಬಿವಲಿಯಲ್ಲಿದ್ದೇವೆ. ನನಗೆ 54 ವರ್ಷ, ತೂಕ 46 ಕಿಲೋ. ಯಜಮಾನರಿಗೆ 61, ತೂಕ 88 ಕಿಲೋ. ಹೋದ ವರ್ಷ ಅವರಿಗೆ ಎರಡು ಸ್ಟೆಂಟ್ ಹಾಕಿದ್ದಾರೆ. ಮಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ, ಮನೆಯಲ್ಲಿ ನಾವಿಬ್ಬರೇ. ಇತ್ತೀಚೆಗೆ ನಮ್ಮ ಸೊಸೈಟಿ ಹಾಲ್‌ನಲ್ಲಿ ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತುವ ಪ್ರಥಮ ಚಿಕಿತ್ಸೆಯ ತರಬೇತಿ ಇತ್ತು. ಗೊಂಬೆಯ ಎದೆಯನ್ನು ಸರಿಯಾದ ಆಳಕ್ಕೆ ಒತ್ತಿದರೆ ‘ಟಕ್’ ಅಂತ ಶಬ್ದ ಬರುತ್ತದೆ. ನನಗೆ ಮೊದಲು ಸ್ವಲ್ಪ ಹೊತ್ತು ಬಂತು, ಆಮೇಲೆ ನಿಂತೇ ಹೋಯಿತು. ಕೈ ನಡುಗಿತು, ಮಂಡಿ ಉರಿಯಿತು. ತರಬೇತಿ ಕೊಡುವವರು ನಗುತ್ತಾ, ‘ಕಾಕೂ, ತುಮ್ಹೀ ರಾಹೂ ದ್ಯಾ (ನೀವು ಬಿಟ್ಟುಬಿಡಿ), ವಾಚ್‌ಮನ್‌ನ ಕರೀರಿ ಸಾಕು’ ಅಂದರು. ಎಲ್ಲರೂ ನಕ್ಕರು. ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ನನ್ನಂಥವರು ಒತ್ತಿದರೆ ಏನಾದರೂ ಪ್ರಯೋಜನ ಇದೆಯಾ? ಈ ವಯಸ್ಸಿನಲ್ಲಿ ಜಿಮ್‌ಗೆ ಸೇರಬೇಕಾ? ತಪ್ಪಾಗಿ ಒತ್ತಿ ಪಕ್ಕೆಲುಬು ಮುರಿದರೆ?

ಉತ್ತರ: ಪ್ರಯೋಜನ ಇದೆ. ಖಂಡಿತ ಇದೆ. ಗೊಂಬೆ ‘ಟಕ್’ ಅನ್ನಲಿಲ್ಲ ಅಂತ ನೀವು ಈ ಕೆಲಸದಿಂದ ಹಿಂದೆ ಸರಿಯಬೇಕಾಗಿಲ್ಲ.

ಹಾಗಂತ ನಿಮ್ಮ ಭಯ ಪೂರ್ತಿ ಸುಳ್ಳು ಅಂತಲೂ ಹೇಳಲಾರೆ. ತೂಕ ಕಡಿಮೆ ಇರುವವರಿಗೆ ಎದೆ ಒತ್ತುವ ಕೆಲಸ ಕಷ್ಟ. ಬೇಗ ಸುಸ್ತಾಗುತ್ತದೆ. ‘ಯಾರು ಬೇಕಾದರೂ ಮಾಡಬಹುದು, ತುಂಬಾ ಸುಲಭ’ ಅಂತ ಹೇಳಿಕೊಡುವವರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಯಾರು ಬೇಕಾದರೂ ಮಾಡಬಹುದು ಅನ್ನೋದು ಸರಿ. ಸುಲಭ ಅನ್ನೋದು ಸರಿಯಲ್ಲ. ನಮ್ಮ ತುರ್ತು ಚಿಕಿತ್ಸಾ ವಿಭಾಗದಲ್ಲಿ ಇಪ್ಪತ್ತೈದು ವರ್ಷದ ಹುಡುಗರು ಎರಡು ನಿಮಿಷ ಒತ್ತಿ ಪಕ್ಕಕ್ಕೆ ಸರಿದಾಗ ಬೆನ್ನಿನ ಮೇಲೆ ಅಂಗಿ ಅಂಟಿಕೊಂಡಿರುತ್ತದೆ, ಎಸಿ ಇದ್ದರೂ.

ಒಳಗೆ ಏನಾಗುತ್ತದೆ ಅಂತ ಮೊದಲು ನೋಡೋಣ. ಹೃದಯ ನಿಂತಾಗ ರಕ್ತ ಇದ್ದಲ್ಲೇ ನಿಲ್ಲುತ್ತದೆ. ಎದೆಯ ನಡುವಿನ ಮೂಳೆಯನ್ನು ಕೆಳಕ್ಕೆ ಒತ್ತಿದರೆ ಸ್ವಲ್ಪ ರಕ್ತ ಮೆದುಳಿನ ಕಡೆ ಹೋಗುತ್ತದೆ. ಕೈ ಸಡಿಲ ಬಿಟ್ಟಾಗ ಎದೆ ಮೇಲೆ ಬಂದು, ಹೃದಯದೊಳಕ್ಕೆ ಮತ್ತೆ ರಕ್ತ ತುಂಬುತ್ತದೆ. ತುಂಬಾ ಚೆನ್ನಾಗಿ ಒತ್ತಿದರೂ ಸಿಗುವುದು ಸಹಜ ಹರಿವಿನ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ. ಊರಿನ ಬೋರ್‌ವೆಲ್ ಕೈಪಂಪು ನೆನಪಿದೆ ಅಲ್ವಾ? ಮೊದಲ ಕೆಲವು ಸಲ ಹೊಡೆದಾಗ ನೀರೇ ಬರುವುದಿಲ್ಲ, ಕೈ ಬಿಟ್ಟರೆ ಮೇಲೆ ಬಂದದ್ದೆಲ್ಲ ಕೆಳಗೆ ಇಳಿದು ಹೋಗುತ್ತದೆ. ಇಲ್ಲೂ ಹಾಗೇ. ಹೃದಯದ ಸ್ವಂತ ರಕ್ತನಾಳಗಳಲ್ಲಿ ಒತ್ತಡ ನಿಧಾನಕ್ಕೆ ಏರುತ್ತದೆ, ನಿಲ್ಲಿಸಿದ ಕೂಡಲೇ ಬಿದ್ದು ಹೋಗುತ್ತದೆ. ಹಾಗಾಗಿ ಒಂದೊಂದು ಒತ್ತು ಎಷ್ಟು ಆಳ ಹೋಯಿತು ಅನ್ನುವುದರ ಜೊತೆಗೆ, ಎಷ್ಟು ಹೊತ್ತು ಬಿಡದೆ ನಡೆಯಿತು ಅನ್ನುವುದೂ ಮುಖ್ಯ. ಯಾರೂ ಒತ್ತದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ.

ದೊಡ್ಡವರಿಗೆ ಒತ್ತಬೇಕಾದ ಆಳ ಕನಿಷ್ಠ 5 ಸೆಂಟಿಮೀಟರ್, 6 ದಾಟಬಾರದು. ವೇಗ ನಿಮಿಷಕ್ಕೆ 100ರಿಂದ 120. ಈ ಆಳಕ್ಕೆ ಹೋಗಲು ಎಷ್ಟು ಬಲ ಬೇಕು ಅನ್ನುವುದು ಆ ಎದೆ ಎಷ್ಟು ಬಿಗಿ ಇದೆ ಅನ್ನುವುದರ ಮೇಲೆ ನಿಂತಿದೆ. ಸುಮಾರಾಗಿ 30ರಿಂದ 50 ಕಿಲೋ ಭಾರ ಇಟ್ಟಷ್ಟು ಅಂದುಕೊಳ್ಳಿ. ನಿಮ್ಮ ಕಷ್ಟ ಇರುವುದು ಇಲ್ಲೇ. ನೀವು ಮಂಡಿಯೂರಿ ಮುಂದಕ್ಕೆ ಬಾಗಿದಾಗ ಕಾಲಿನ ಭಾರ ನೆಲಕ್ಕೇ ಹೋಗುತ್ತದೆ. ಕೈಗೆ ಸಿಗುವುದು ಸೊಂಟದಿಂದ ಮೇಲಿನ ಭಾರ ಮಾತ್ರ. 80 ಕಿಲೋದ ಮನುಷ್ಯನಿಗೆ ಅಷ್ಟೇ ಸಾಕಾಗುತ್ತದೆ, ಸುಮ್ನೆ ಮೈ ಬಿಟ್ಟರೆ ಎದೆ ಇಳಿಯುತ್ತದೆ. 46 ಕಿಲೋದವರಿಗೆ ಸಾಲದು. ಉಳಿದದ್ದನ್ನು ಹೊಟ್ಟೆ, ಬೆನ್ನು, ಭುಜ, ತೋಳಿನ ಸ್ನಾಯುಗಳು ಕೊಡಬೇಕು. ಸ್ನಾಯು ಕೊಡುವ ಬಲ ಬೇಗ ಮುಗಿಯುತ್ತದೆ. ಮೊದಲು ಟಕ್ ಟಕ್ ಅಂದ ಗೊಂಬೆ ಆಮೇಲೆ ಸುಮ್ಮನಾದದ್ದು ಇದಕ್ಕೇ. ನೀವು ಒತ್ತುವ ರೀತಿ ಮೊದಲು ಸರಿಯಾಗೇ ಇತ್ತು ಅಂತ ಇದರಿಂದ ಗೊತ್ತಾಗುತ್ತದೆ, ಅದನ್ನು ಯಾರೂ ನಿಮಗೆ ಹೇಳಲಿಲ್ಲ.

ಯಜಮಾನರ 88 ಕಿಲೋ ಬಗ್ಗೆ ಹೆಚ್ಚು ಚಿಂತೆ ಬೇಡ. ಹೊಟ್ಟೆ ದೊಡ್ಡದಾದ ಮಾತ್ರಕ್ಕೆ ಎದೆಗೂಡು ಬಿಗಿಯಾಗಿರುತ್ತದೆ ಅಂತೇನಿಲ್ಲ. ಇನ್ನೊಂದು ವಿಷಯ. ಗೊಂಬೆಯ ಒಳಗಿನ ಸ್ಪ್ರಿಂಗ್ ಮೊದಲಿನಿಂದ ಕೊನೆವರೆಗೆ ಒಂದೇ ಬಿಗಿ. ನಿಜವಾದ ಎದೆ ಒತ್ತುತ್ತಾ ಹೋದಂತೆ ಮೆತ್ತಗಾಗುತ್ತದೆ.

ಈಗ ಆ ವಾಚ್‌ಮನ್ ವಿಷಯ. ಗಟ್ಟಿಮುಟ್ಟಾದ ಗಂಡಸು ಬಂದರೆ ಎಲ್ಲ ಸರಿಹೋಗುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿ ಬಲವಾಗಿದೆ. 1995ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನದಲ್ಲಿ ತರಬೇತಿ ಆದವರನ್ನೇ ಐದು ನಿಮಿಷ ಬಿಡದೆ ಒತ್ತಲು ಹೇಳಿದರು. ಮೊದಲ ನಿಮಿಷ ಸರಿಯಾಗಿದ್ದ ಒತ್ತುಗಳು ಶೇ 93ರಷ್ಟು. ಎರಡನೇ ನಿಮಿಷಕ್ಕೆ 67. ಮೂರನೇ ನಿಮಿಷಕ್ಕೆ 39. ಐದನೇ ನಿಮಿಷಕ್ಕೆ 18. ಈ ಅಂಕಿಗಳಿಗಿಂತ ನನಗೆ ಮುಖ್ಯ ಅನ್ನಿಸಿದ್ದು ಬೇರೆ. ತಮ್ಮ ಒತ್ತು ಕೆಟ್ಟದ್ದು ಅವರಿಗೇ ಗೊತ್ತಾಗಿರಲಿಲ್ಲ. ಮೈಗೆ ‘ಸುಸ್ತಾಯ್ತು’ ಅನ್ನಿಸುವುದಕ್ಕೆ ಬಹಳ ಮೊದಲೇ ಆಳ ಕಡಿಮೆಯಾಗಿರುತ್ತದೆ. ಆಮೇಲೆ ಬಂದ ಅಧ್ಯಯನಗಳಲ್ಲೂ ಇದೇ ಕಂಡಿದೆ. ನಾನು ತರಬೇತಿ ಕೊಡುವಾಗಲೂ ಇದೇ ನೋಡುತ್ತೇನೆ. ‘ಇನ್ನೂ ಆಗುತ್ತೆ ಸರ್, ನಾನೇ ಮಾಡ್ತೀನಿ’ ಅನ್ನುವವನ ಗೊಂಬೆ ಅಷ್ಟರಲ್ಲಿ ಅರ್ಧ ಆಳಕ್ಕೆ ಬಂದಿರುತ್ತದೆ. ಸುಸ್ತಾದವರು ಇನ್ನೊಂದು ತಪ್ಪು ಮಾಡುತ್ತಾರೆ. ಮೇಲೆ ಏಳುವಾಗ ಕೈ ಪೂರ್ತಿ ಸಡಿಲ ಬಿಡದೆ ಎದೆಯ ಮೇಲೇ ಒರಗಿಬಿಡುತ್ತಾರೆ. ಎದೆ ಮೇಲೆ ಬರದಿದ್ದರೆ ಹೃದಯ ತುಂಬುವುದಿಲ್ಲ. ಖಾಲಿ ಹೃದಯವನ್ನು ಎಷ್ಟು ಒತ್ತಿದರೇನು?

ಇದು ಮನೆಯವರ ಕಥೆ ಮಾತ್ರ ಅಂತ ತಿಳಿಯಬೇಡಿ. 2005ರಲ್ಲಿ ಸ್ಟಾಕ್‌ಹೋಮ್, ಲಂಡನ್ ಮತ್ತು ನಾರ್ವೆಯ ಆಕರ್ಸ್‌ಹುಸ್‌ನ ಆಂಬುಲೆನ್ಸ್ ಸಿಬ್ಬಂದಿ ಕೊಟ್ಟ ಸಿಪಿಆರ್ ಅನ್ನು ಯಂತ್ರ ಇಟ್ಟು ಅಳೆದ ವರದಿ ಬಂತು. ದಿನವೂ ಇದೇ ಕೆಲಸ ಮಾಡುವವರು ಅವರು. ಹೃದಯ ನಿಂತಿದ್ದ ಸಮಯದ ಹೆಚ್ಚುಕಡಿಮೆ ಅರ್ಧದಷ್ಟು ಹೊತ್ತು ಎದೆ ಒತ್ತುವ ಕೆಲಸವೇ ನಡೆದಿರಲಿಲ್ಲ. ಸರಾಸರಿ ಆಳ ಮೂರೂವರೆ ಸೆಂಟಿಮೀಟರ್‌ನ ಹತ್ತಿರ. ನಿಮ್ಮ ಕೈ ನಡುಗಿದ್ದಕ್ಕೆ ನಕ್ಕವರಿಗೆ ಇದನ್ನು ಹೇಳಬಹುದು.

2014ರಲ್ಲಿ ಇನ್ನೊಂದು ದೊಡ್ಡ ವರದಿ ಬಂತು. ಅಮೆರಿಕ, ಕೆನಡಾಗಳಲ್ಲಿ ಆಸ್ಪತ್ರೆಯ ಹೊರಗೆ ಕುಸಿದ 9,000ಕ್ಕೂ ಹೆಚ್ಚು ಜನರ ಲೆಕ್ಕ ಅದು. ಹೆಚ್ಚು ಜನ ಬದುಕಿದ್ದು ಸುಮಾರು 4ರಿಂದ 5.5 ಸೆಂಟಿಮೀಟರ್ ಆಳದ ನಡುವೆ. ಇದನ್ನು ಓದಿ ‘ಹಾಗಾದರೆ ನಾಲ್ಕು ಸಾಕು’ ಅಂತ ಗುರಿ ಇಳಿಸಬೇಡಿ, ಗುರಿ ಐದೇ ಇರಲಿ. ಸುಸ್ತಾದಾಗ ಹೇಗೂ ಇಳಿಯುತ್ತದಲ್ಲ. ಆದರೆ ಗೊಂಬೆ ‘ಟಕ್’ ಅಂದರೆ ಪಾಸು, ಅನ್ನದಿದ್ದರೆ ಫೇಲು ಅನ್ನುವ ಲೆಕ್ಕ ಮನುಷ್ಯರ ಎದೆಗೆ ನಡೆಯುವುದಿಲ್ಲ. ನಾಲ್ಕೂವರೆಗೆ ನಿಂತ ಕೈ ಸೋತ ಕೈ ಅಲ್ಲ. ಏನೂ ಮಾಡದೆ ನಿಲ್ಲುವುದಕ್ಕೂ ಅದಕ್ಕೂ ಅಜಗಜಾಂತರ.

ಫಿಟ್‌ನೆಸ್ ಇದ್ದರೆ ಲಾಭ ಇಲ್ಲವಾ? ಇದೆ. ಮೊದಲ ನಿಮಿಷದಲ್ಲಿ ಅಭ್ಯಾಸ ಇದ್ದವರ ನಡುವೆ ವ್ಯತ್ಯಾಸ ಕಡಿಮೆ. ಎರಡನೇ, ಮೂರನೇ ನಿಮಿಷದಲ್ಲಿ ಯಾರು ಉಳಿಯುತ್ತಾರೆ ಅನ್ನುವಲ್ಲಿ ಸ್ನಾಯುವಿನ ಬಲ, ಮೈತೂಕ, ಉಸಿರಿನ ತಾಕತ್ತು ಎಲ್ಲ ಲೆಕ್ಕಕ್ಕೆ ಬರುತ್ತವೆ. ಆದರೆ ಜಿಮ್ ಮೈ ಇದ್ದವರೆಲ್ಲ ಚೆನ್ನಾಗಿ ಒತ್ತುತ್ತಾರೆ ಅಂತ ನಾನು ಒಪ್ಪುವುದಿಲ್ಲ. ಉಡುಪಿ ಹೋಟೆಲೊಂದರ ಸಿಬ್ಬಂದಿಗೆ ತರಬೇತಿ ಕೊಟ್ಟದ್ದು ನೆನಪಾಗುತ್ತದೆ. ಗಲ್ಲಾದಲ್ಲಿ ಕೂರುವ ಹುಡುಗ ಒಳ್ಳೆ ಕಸರತ್ತಿನ ಮೈಯವನು. ಮೊಣಕೈ ಮಡಚಿ, ತೋಳಿನ ಬಲದಲ್ಲೇ ದಬದಬ ಒತ್ತಿದ. ವೇಗ 140 ದಾಟಿತು, ಒಂದು ನಿಮಿಷದೊಳಗೆ ಮುಖ ಕೆಂಪಾಗಿ ಕೈ ಬಿಟ್ಟ. ಅವನ ನಂತರ ಬಂದವನು ಅಡುಗೆಮನೆಯಲ್ಲಿ ಪೂರಿ ಹಿಟ್ಟು ನಾದುವ ಒಣಕಲು ಹುಡುಗ, ಅಬ್ಬಬ್ಬಾ ಅಂದರೆ 50 ಕಿಲೋ ಇದ್ದಾನು. ಮೊಣಕೈ ನೆಟ್ಟಗೆ, ಭುಜ ಅಂಗೈಯ ನೇರ ಮೇಲೆ, ಸೊಂಟದಿಂದ ಮೇಲೆ ಕೆಳಗೆ. ಎರಡು ನಿಮಿಷ ಮುಗಿದರೂ ಗೊಂಬೆ ಟಕ್ ಅನ್ನುತ್ತಲೇ ಇತ್ತು. ದಿನಾ ಕಿಲೋಗಟ್ಟಲೆ ಹಿಟ್ಟು ನಾದುವವನಿಗೆ ಮೈಭಾರವನ್ನು ಅಂಗೈಗೆ ಇಳಿಸುವುದು ಹೇಗೆ ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಾಗಾಗಿ ನಿಮಗೆ ಮೊದಲು ಬೇಕಾದದ್ದು ಕೂರುವ ರೀತಿ ಸರಿಮಾಡಿಕೊಳ್ಳುವುದು. ಯಜಮಾನರ ಎದೆಗೆ ಆದಷ್ಟು ಹತ್ತಿರ ಮಂಡಿಯೂರಿ, ಮಂಡಿ ಅವರ ಪಕ್ಕೆಗೆ ತಾಗಬೇಕು. ತೂಕ ಕಡಿಮೆ ಇರುವವರು ದೂರ ಕೂತರೆ ಇದ್ದ ಭಾರವೂ ಓರೆಯಾಗಿ ಹೋಗಿ ವ್ಯರ್ಥ. ಎರಡು ಮಂಡಿಗಳ ನಡುವೆ ಭುಜದಷ್ಟು ಅಂತರ. ಒಂದು ಅಂಗೈಯ ಬುಡ ಎದೆಮೂಳೆಯ ಕೆಳಗಿನ ಅರ್ಧದ ಮೇಲೆ, ಇನ್ನೊಂದು ಕೈ ಅದರ ಮೇಲೆ. ಬೆರಳುಗಳು ಪಕ್ಕೆಲುಬಿನ ಮೇಲೆ ಊರಬಾರದು. ಮೂಗು ಅವರ ಎದೆಯ ಆಚೆ ಬದಿಗೆ ಬರುವಷ್ಟು ಮುಂದೆ ಬಾಗಿ. ನಿಮ್ಮ ಭುಜ ಅಂಗೈಗಿಂತ ಹಿಂದೆ ಉಳಿದರೆ ತೋಳು ದುಡಿಯುತ್ತದೆ, ಮೇಲೆ ಬಂದರೆ ಮೈ ದುಡಿಯುತ್ತದೆ. ಮಣಿಕಟ್ಟು ನೋವಿದ್ದರೆ ಎದೆಯ ಮೇಲಿಟ್ಟ ಕೈಯ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದು ಒತ್ತಿ, ಅದೂ ಒಪ್ಪಿದ ವಿಧಾನವೇ.

ಬಳೆ. ಇದನ್ನು ಯಾವ ತರಬೇತಿಯಲ್ಲೂ ಹೇಳುವುದಿಲ್ಲ. ಗಾಜಿನ ಬಳೆ ಹಾಕಿಕೊಂಡು ಒತ್ತಿದರೆ ಒಡೆದು ಕೈಗೆ ಚುಚ್ಚಬಹುದು. ಚಿನ್ನದ ದಪ್ಪ ಬಳೆ ಮಣಿಕಟ್ಟಿಗೆ ಒತ್ತುತ್ತದೆ. ಬಿಚ್ಚಲು ಸಮಯ ಇರುವುದಿಲ್ಲ, ಮೊಣಕೈ ಕಡೆಗೆ ಮೇಲಕ್ಕೆ ಸರಿಸಿಕೊಳ್ಳಿ. ಸೀರೆಯೋ ನೈಟಿಯೋ ಮಂಡಿಯ ಕೆಳಗೆ ಸಿಕ್ಕಿಕೊಂಡರೆ ಮುಂದೆ ಬಾಗಲು ಆಗುವುದಿಲ್ಲ, ಮೇಲೆತ್ತಿ ಸಿಕ್ಕಿಸಿಕೊಳ್ಳಿ. ಮಂಡಿ ನೋವಿಗೆ ಕಾಲೊರೆಸುವ ಮ್ಯಾಟನ್ನು ಮಡಚಿ ಕೆಳಗೆ ಹಾಕಿಕೊಳ್ಳಿ. ಇದೆಲ್ಲ ಚಿಲ್ಲರೆ ಮಾತು ಅನ್ನಿಸಬಹುದು. ಇಂಥ ಚಿಲ್ಲರೆ ಕಾರಣಕ್ಕೇ ಮಧ್ಯದಲ್ಲಿ ನಿಲ್ಲಿಸಬೇಕಾಗಿ ಬರಬಹುದು.

ಹಾಸಿಗೆ ಮೇಲೆ ಕುಸಿದರೆ? ಮೆತ್ತನೆ ಹಾಸಿಗೆಯಲ್ಲಿ ನೀವು ಒತ್ತಿದ್ದರಲ್ಲಿ ಒಂದು ಪಾಲು ಹಾಸಿಗೆ ತಿಂದುಬಿಡುತ್ತದೆ. ನಿಮ್ಮಂಥ ಕಡಿಮೆ ತೂಕದವರಿಗೆ ಆ ನಷ್ಟ ಜಾಸ್ತಿ. ಚಾದರ ಸಮೇತ ಎಳೆದು ನೆಲಕ್ಕೆ ಇಳಿಸಿ, ತಲೆ ನೆಲಕ್ಕೆ ಬಡಿಯದ ಹಾಗೆ ಕೈ ಅಥವಾ ದಿಂಬು ಕೊಡಿ. 88 ಕಿಲೋ ಒಬ್ಬರಿಗೇ ಅಲುಗದಿದ್ದರೆ ಎಳೆದಾಟದಲ್ಲೇ ಎರಡು ನಿಮಿಷ ಕಳೆಯಬೇಡಿ. ಹಾಸಿಗೆ ಹತ್ತಿ ಅವರ ಪಕ್ಕದಲ್ಲೇ ಮಂಡಿಯೂರಿ ಶುರುಮಾಡಿ. ಯಾರಾದರೂ ಬಂದ ಮೇಲೆ ಇಳಿಸಿದರಾಯಿತು.

ಎಣಿಸುವುದಕ್ಕೂ ಉಸಿರು ಬೇಕು. ಆ ವೇಗದಲ್ಲಿ ‘ಇಪ್ಪತ್ತೇಳು, ಇಪ್ಪತ್ತೆಂಟು’ ಅಂತ ಜೋರಾಗಿ ಹೇಳಿ ನೋಡಿ, ಉಸಿರು ಅದಕ್ಕೇ ಹೋಗುತ್ತದೆ. ಒಂದರಿಂದ ಹತ್ತು, ಮತ್ತೆ ಒಂದರಿಂದ ಹತ್ತು ಸಾಕು. ಮೊಬೈಲ್‌ನಲ್ಲಿ ಟಕ್ ಟಕ್ ಅಂತ ತಾಳ ಹಾಕುವ ಮೆಟ್ರೊನೋಮ್ ಆ್ಯಪ್ ಹಾಕಿ 110ಕ್ಕೆ ಇಟ್ಟು ಈಗಲೇ ಕಿವಿಗೆ ಅಭ್ಯಾಸ ಮಾಡಿಕೊಳ್ಳಿ. ಗಾಬರಿಯಲ್ಲಿ ಎಲ್ಲರೂ ಬೇಕಾದ್ದಕ್ಕಿಂತ ಜೋರಾಗಿ ಓಡುತ್ತಾರೆ. ಓಡಿದರೆ ಆಳ ಹೋಗುತ್ತದೆ.

ದೊಡ್ಡವರು ಇದ್ದಕ್ಕಿದ್ದ ಹಾಗೆ ಕುಸಿದಾಗ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡದೆ ಬರೀ ಎದೆ ಒತ್ತಿದರೂ ಸಾಕು. ಭಾರತದ ಅರಿವಳಿಕೆ ತಜ್ಞರ ಸಂಘದವರು ಜನಸಾಮಾನ್ಯರಿಗಾಗಿ ರೂಪಿಸಿದ ಕ್ರಮವೂ ಇದೇ. ಅದರ ಒಂದು ತೊಂದರೆ ಏನೆಂದರೆ, 30 ಒತ್ತಿಗೆ ಎರಡು ಉಸಿರು ಕೊಡುವವರಿಗೆ ನಡುವೆ ಸಿಗುವ ಸಣ್ಣ ವಿರಾಮ ಇಲ್ಲಿ ಸಿಗುವುದಿಲ್ಲ. ಹಾಗಾಗಿ ಸುಸ್ತು ಇನ್ನೂ ಬೇಗ. ನೀವು ಒಬ್ಬರೇ ಇದ್ದು ಕೈ ಸೋತೇ ಹೋಯಿತು ಅಂದರೆ ಕೆಲವು ಸೆಕೆಂಡು ಉಸಿರೆಳೆದುಕೊಂಡು ಮತ್ತೆ ಚೆನ್ನಾಗಿ ಒತ್ತಿ. ಆ ವಿರಾಮ ಹತ್ತು ಸೆಕೆಂಡು ದಾಟದಿರಲಿ. ನೀರಲ್ಲಿ ಮುಳುಗಿದವರಿಗೆ, ಮಕ್ಕಳಿಗೆ ಮಾತ್ರ ಉಸಿರು ಕೊಡಲೇಬೇಕು. ಗೋವಾ ಬೀಚಿಗೆ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗುವವರು ಅದನ್ನು ಬೇರೆಯಾಗಿ ಕಲಿತುಕೊಳ್ಳಿ.

ಈಗ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರುತ್ತೇನೆ. ಸಿಪಿಆರ್ ಒಬ್ಬರ ಕೆಲಸವೇ ಅಲ್ಲ. ಆಸ್ಪತ್ರೆಯಲ್ಲಿ ನಾವು ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸುತ್ತೇವೆ, ಸುಸ್ತಾಗಿಲ್ಲ ಅಂದವರನ್ನೂ ಎಬ್ಬಿಸುತ್ತೇವೆ. ನಿಯಮ ಹೇಳುವುದೂ ಅದನ್ನೇ, ಸುಸ್ತಾದರೆ ಎರಡು ನಿಮಿಷಕ್ಕೂ ಮೊದಲೇ ಬದಲಿಸಿ ಅಂತ. ಹಾಗಿರುವಾಗ 46 ಕಿಲೋದ ನೀವು ಒಬ್ಬರೇ ಹತ್ತು ನಿಮಿಷ ಒತ್ತಲು ತಯಾರಾಗಬೇಕು ಅಂದುಕೊಂಡಿದ್ದೇ ತಪ್ಪು ಲೆಕ್ಕ. ನಿಮ್ಮ ಪಾಲಿನದು ಮೊದಲ ಒಂದೆರಡು ನಿಮಿಷ. ಯಾರೂ ಇಲ್ಲದಾಗಿನ ಆ ನಿಮಿಷಗಳೇ ಎಲ್ಲಕ್ಕಿಂತ ಬೆಲೆ ಬಾಳುವವು. ಆಮೇಲೆ ಒತ್ತುವ ಕೈಗಳನ್ನು ನೀವು ಈಗಲೇ ಗೊತ್ತುಮಾಡಿಕೊಳ್ಳಬೇಕು.

ನಿಮ್ಮ ಮಹಡಿಯಲ್ಲಿ, ಮೇಲೆ ಕೆಳಗೆ, ಯಾರು ರಾತ್ರಿ ಮನೆಯಲ್ಲಿರುತ್ತಾರೆ ನೋಡಿ. ಮೂರು ಜನ ಸಿಕ್ಕರೆ ಸಾಕು. ಕಾಲೇಜಿಗೆ ಹೋಗುವ ಹುಡುಗಿ ಆದರೂ ಸರಿ, ನಿಮ್ಮಂಥದೇ ಇನ್ನೊಬ್ಬ ಗೃಹಿಣಿ ಆದರೂ ಸರಿ. ಒಂದೊಂದು ನಿಮಿಷಕ್ಕೆ ಬದಲಾಗುತ್ತಾ ಹೋದರೆ ಮೂವರು ಸಣಕಲರು ಸೇರಿ ಒಬ್ಬ ಪೈಲ್ವಾನನಿಗಿಂತ ಚೆನ್ನಾಗಿ ನಡೆಸುತ್ತಾರೆ. ಬದಲಾಗುವಾಗ ಮುಂದಿನವರು ಎದುರು ಬದಿಯಲ್ಲಿ ಮೊದಲೇ ಮಂಡಿಯೂರಿ ತಯಾರಿರಬೇಕು, ‘ಮೂರು, ಎರಡು, ಒಂದು’ ಅಂದ ಕೂಡಲೇ ಕೈ ಇಡಬೇಕು. ಐದು ಸೆಕೆಂಡಿನೊಳಗೆ ಮುಗಿಯಬೇಕು. ಇದನ್ನು ಒಮ್ಮೆ ಒಟ್ಟಿಗೆ ಅಭ್ಯಾಸ ಮಾಡಿ. ವಾಚ್‌ಮನ್‌ಗೂ ಕಲಿಸಿ, ಆದರೆ ಅವನ ಮೊದಲ ಕೆಲಸ ಗೇಟು ತೆರೆದು, ಲಿಫ್ಟ್ ಕೆಳಗೆ ಹಿಡಿದಿಟ್ಟು, ಆಂಬುಲೆನ್ಸ್‌ನವರನ್ನು ಸರಿಯಾದ ವಿಂಗಿಗೆ ಕರೆತರುವುದು. ರಾತ್ರಿ ಎರಡು ಗಂಟೆಗೆ ಸೊಸೈಟಿ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಮೆಸೇಜ್ ಹಾಕಿದರೆ ಬೆಳಿಗ್ಗೆ ಕೈಮುಗಿದ ಚಿತ್ರಗಳು ಬರುತ್ತವೆ. ಬಾಗಿಲು ತೆಗೆದು ‘ಲವ್ಕರ್ ಯಾ’ (ಬೇಗ ಬನ್ನಿ) ಅಂತ ಮೆಟ್ಟಿಲಿಗೆ ಕೇಳುವಂತೆ ಕೂಗಿ, ಆ ಮೂವರಲ್ಲಿ ಒಬ್ಬರಿಗೆ ಫೋನ್ ಮಾಡಿ.

ಕ್ರಮ ಹೀಗಿರಲಿ. ಭುಜ ತಟ್ಟಿ ಕರೆದರೆ ಉತ್ತರ ಇಲ್ಲ, ಉಸಿರು ಇಲ್ಲ ಅಥವಾ ಆಗೊಮ್ಮೆ ಈಗೊಮ್ಮೆ ಗೊರಕೆಯಂಥ ಎಳೆತ ಇದೆ ಅಂದರೆ ಹೃದಯ ನಿಂತಿದೆ ಅಂತಲೇ ತಿಳಿಯಿರಿ. ಆ ಎಳೆತವನ್ನು ‘ಉಸಿರಾಡ್ತಿದ್ದಾರೆ’ ಅಂತ ತಪ್ಪು ತಿಳಿದು ಕಾಯುವವರು ಬಹಳ. 108 ಅಥವಾ 112ಕ್ಕೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ನೆಲದ ಮೇಲಿಡಿ. ಬಾಗಿಲು ತೆರೆದಿಡಿ, ಕೂಗಿ, ಒತ್ತಲು ಶುರುಮಾಡಿ. ಸೊಸೈಟಿಯಲ್ಲಿ ಎಇಡಿ, ಅಂದರೆ ಹೃದಯಕ್ಕೆ ವಿದ್ಯುತ್ ಶಾಕ್ ಕೊಡುವ ಯಂತ್ರ ಇದ್ದರೆ ಯಾರಾದರೂ ತರಲಿ, ಅದೇ ಮಾತಾಡಿ ಏನು ಮಾಡಬೇಕು ಅಂತ ಹೇಳುತ್ತದೆ. ಹಬ್ಬಕ್ಕೆ ಪೆಂಡಾಲ್ ಹಾಕಲು ಹಣ ಕೂಡಿಸುವ ಸೊಸೈಟಿಗಳು ಇದಕ್ಕೂ ಕೂಡಿಸಬಹುದು, ನನ್ನ ಅಭಿಪ್ರಾಯ. ತಾನೇ ಎದೆ ಒತ್ತುವ ಯಂತ್ರಗಳೂ ಇವೆ, ಅವು ಮನೆಗೆ ತರುವ ವಸ್ತು ಅಲ್ಲ. ದೊಡ್ಡ ಪರೀಕ್ಷೆಗಳಲ್ಲಿ ಅವು ಚೆನ್ನಾಗಿ ಒತ್ತುವ ಕೈಗಿಂತ ಮೇಲು ಅಂತ ಸಾಬೀತಾಗಿಲ್ಲ.

ತರಬೇತಿಯಲ್ಲಿ ಹೆಂಗಸರು ಪಿಸುಮಾತಿನಲ್ಲಿ ಕೇಳುವ ಇನ್ನೊಂದು ಪ್ರಶ್ನೆ ಇದೆ: ‘ಕೈಯಲ್ಲಿ ಆಗದಿದ್ದರೆ ನಿಂತು ಹಿಮ್ಮಡಿಯಿಂದ ಒತ್ತಬಹುದಾ?’ ಕೇಳಿದವರೇ ಮರುಕ್ಷಣ ‘ಛೆ, ಗಂಡನ ಎದೆ ಮೇಲೆ ಕಾಲಿಡೋದಾ’ ಅಂತ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಗೊಂಬೆಗಳ ಮೇಲೆ ಇದನ್ನು ಪರೀಕ್ಷಿಸಿದ್ದಾರೆ, ತೂಕ ಕಡಿಮೆ ಇರುವವರಿಗೂ ಆಳ ಸಿಗುತ್ತದೆ ಅಂತ ಕಂಡಿದೆ. ಆದರೆ ಇದು ರೂಢಿಯ ಕ್ರಮವಾಗಿ ಒಪ್ಪಿತವಾಗಿಲ್ಲ. ಆಯ ತಪ್ಪಿ ರೋಗಿಯ ಮೇಲೇ ಬೀಳಬಹುದು, ಹಿಮ್ಮಡಿ ಜಾರಿ ಹೊಟ್ಟೆಗೆ ಹೋಗಬಹುದು. ನಾನು ಕಲಿಸುವುದಿಲ್ಲ. ಕೈ ಮುರಿದಿದೆ, ಸುತ್ತ ಯಾರೂ ಇಲ್ಲ ಅನ್ನುವ ಸ್ಥಿತಿಯಲ್ಲಿ ಗೋಡೆಯನ್ನೋ ಕುರ್ಚಿಯನ್ನೋ ಹಿಡಿದು ಮಾಡಿದರೆ ತಪ್ಪು ಅಂತಲೂ ಹೇಳುವುದಿಲ್ಲ. ಪ್ರಾಣದ ಮುಂದೆ ಮೈಲಿಗೆ ಏನು?

ಪಕ್ಕೆಲುಬು ಮುರಿಯಬಹುದು. ಸರಿಯಾಗಿ ಒತ್ತಿದಾಗಲೂ ಮುರಿಯುತ್ತದೆ, ನಾವು ಒತ್ತಿದಾಗಲೂ ಮುರಿಯುತ್ತದೆ, ವಯಸ್ಸಾದವರಲ್ಲಿ ಜಾಸ್ತಿ. ‘ಕಟ್’ ಅಂತ ಅಂಗೈಗೆ ಗೊತ್ತಾಗುತ್ತದೆ, ಮೈ ಜುಮ್ಮೆನ್ನುತ್ತದೆ. ಕೈ ಸರಿಯಾದ ಜಾಗದಲ್ಲಿದೆಯಾ ನೋಡಿ, ಮುಂದುವರಿಸಿ. ಮುರಿದ ಪಕ್ಕೆಲುಬು ಕೆಲವು ವಾರಗಳಲ್ಲಿ ಕೂಡುತ್ತದೆ. ನಿಮ್ಮ ತೂಕಕ್ಕೆ 6 ಸೆಂಟಿಮೀಟರ್ ದಾಟುವ ಭಯವಂತೂ ಇಲ್ಲವೇ ಇಲ್ಲ, ಆ ಎಚ್ಚರಿಕೆ ನಿಮ್ಮ ಮಗನಂಥವರಿಗೆ.

ಜಿಮ್? ಇಷ್ಟ ಇದ್ದರೆ ಸೇರಿ, ಇದಕ್ಕಾಗಿಯೇ ಅಂತ ಬೇಕಾಗಿಲ್ಲ. ವಾರಕ್ಕೆ ಮೂರು ದಿನ ಮನೆಯಲ್ಲೇ ಮಾಡುವಂಥದ್ದು ಸಾಕು. ಅಡುಗೆ ಕಟ್ಟೆಗೆ ಕೈಯೂರಿ, ಕಾಲು ಹಿಂದಿಟ್ಟು, ಮೈ ನೆಟ್ಟಗಿಟ್ಟು ಪುಷ್‌ಅಪ್. ಮೊಣಕೈ ನೆಲಕ್ಕೂರಿ ಹೊಟ್ಟೆ ಬಿಗಿಹಿಡಿದು ಎಷ್ಟು ಹೊತ್ತು ಆಗುತ್ತದೋ ಅಷ್ಟು ಹೊತ್ತು ಪ್ಲ್ಯಾಂಕ್, ಮಂಡಿಯೂರಿಯೇ ಮಾಡಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಉಸಿರಿಗೆ ಬಿರುಸಾದ ನಡಿಗೆ. ಮಂಡಿ ನೋವಿದ್ದರೆ ಮೆಟ್ಟಿಲು ಇಳಿಯುವುದು ಬಿಟ್ಟು ಹತ್ತುವುದಷ್ಟೇ ಇರಲಿ, ಇಳಿಯಲು ಲಿಫ್ಟ್ ಇದೆಯಲ್ಲ. ಇವೆಲ್ಲಕ್ಕಿಂತ ಹತ್ತಿರದ ವ್ಯಾಯಾಮ ಒತ್ತುವುದೇ. ಹಳೆ ಹತ್ತಿ ಹಾಸಿಗೆಯನ್ನು ಬಿಗಿಯಾಗಿ ಸುತ್ತಿ ಹಗ್ಗ ಕಟ್ಟಿ, ನೆಲದ ಮೇಲಿಟ್ಟು ಮೆಟ್ರೊನೋಮ್ ಹಾಕಿ ಒಂದು ನಿಮಿಷ ಒತ್ತಿ. ಆಮೇಲೆ ನಿಧಾನಕ್ಕೆ ಎರಡು ನಿಮಿಷ. ಬದುಕಿರುವ ಮನುಷ್ಯರ ಮೇಲೆ ಮಾತ್ರ ಯಾವತ್ತೂ ಅಭ್ಯಾಸ ಮಾಡಬಾರದು, ತಮಾಷೆಗೂ. ಗೊಂಬೆಯ ಮೇಲೆ ಕಲಿತ ಕೈಚಳಕ ಮೂರರಿಂದ ಆರು ತಿಂಗಳಲ್ಲಿ ಮಸುಕಾಗುತ್ತದೆ. ಮಾಟುಂಗಾ, ಡೊಂಬಿವಲಿ ಕಡೆಯ ನಮ್ಮ ಕನ್ನಡ ಸಂಘಗಳಲ್ಲಿ ತರಬೇತಿ ಇಟ್ಟರೆ ಮತ್ತೆ ಹೋಗಿ. ಬಿಗಿ ಕಡಿಮೆ ಇರುವ ಸ್ಪ್ರಿಂಗ್ ಹಾಕಿದ ಗೊಂಬೆ ಇದೆಯಾ ಅಂತ ಕೇಳಿ, ಅದರಲ್ಲಿ ಶುರುಮಾಡಿ ಬಿಗಿ ಗೊಂಬೆಗೆ ಹೋಗಿ.

ಕೊನೆಗೆ ನಿಮ್ಮ ಮೈ. ಎದೆ ಒತ್ತುವುದು ಜೋರು ವ್ಯಾಯಾಮದಷ್ಟೇ ದಣಿವಿನ ಕೆಲಸ, ಒತ್ತುವವರ ಹೃದಯದ ಬಡಿತವೂ ಏರುತ್ತದೆ. ನಿಮಗೆ ಬಿ.ಪಿ., ಸಕ್ಕರೆ ಇದ್ದರೆ, ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತಿದ್ದರೆ, ಈ ವ್ಯಾಯಾಮ ಶುರುಮಾಡುವ ಮೊದಲು ಒಮ್ಮೆ ನಿಮ್ಮ ಡಾಕ್ಟರಿಗೆ ತೋರಿಸಿ. ಮುಟ್ಟು ನಿಂತ ಮೇಲೆ, ಅದರಲ್ಲೂ ಕಡಿಮೆ ತೂಕದವರಲ್ಲಿ, ಮೂಳೆ ಸವೆತ ಜಾಸ್ತಿ. ಅದನ್ನೂ ಕೇಳಿ ನೋಡಿ. ಒತ್ತುತ್ತಿರುವಾಗ ನಿಮಗೇ ಎದೆ ನೋವು ಬಂದರೆ ಕೈ ಬದಲಿಸಿ, ನೀವು ಪಕ್ಕದಲ್ಲಿ ಕೂತು ಎಣಿಸಿ, ಆಳ ಇಳಿಯುತ್ತಿದೆಯಾ ನೋಡಿ ಹೇಳಿ. ಅದೂ ಬೇಕಾದ ಕೆಲಸವೇ.

ಯಜಮಾನರಿಗೆ ಎದೆ ನೋವು ಬಂದು ಮಾತಾಡುತ್ತಿದ್ದಾರೆ ಅಂದರೆ ಅದು ಸಿಪಿಆರ್ ಕೊಡುವ ಹೊತ್ತಲ್ಲ, ಆಸ್ಪತ್ರೆಗೆ ಹೊರಡುವ ಹೊತ್ತು. ‘ಜೋರಾಗಿ ಕೆಮ್ಮಿದರೆ ಹೃದಯ ನಿಲ್ಲಲ್ಲ’ ಅನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು, ಅದನ್ನು ನಂಬಿ ಮನೆಯಲ್ಲಿ ಕೂರಬೇಡಿ. ಸ್ಟೆಂಟ್ ಹಾಕಿದ ಮೇಲೆ ಕೊಟ್ಟ ರಕ್ತ ತೆಳುಮಾಡುವ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಡದ ಹಾಗೆ ನೋಡಿಕೊಳ್ಳಿ.

ಮಗ ಮುಂದಿನ ಸಲ ಪುಣೆಯಿಂದ ಬಂದಾಗ ಅವನನ್ನೂ ಆ ಸುತ್ತಿದ ಹಾಸಿಗೆಯ ಮುಂದೆ ಕೂರಿಸಿ. ನೀವು ಮೊಬೈಲ್ ಹಿಡಿದು ಎಣಿಸಿ. ಒಂದು ನಿಮಿಷಕ್ಕೆ ‘ಬದಲಾಯಿಸು’ ಅನ್ನಿ, ಅವನು ‘ಇನ್ನೂ ಆಗುತ್ತೆ ಅಮ್ಮಾ’ ಅಂದರೂ ಬಿಡಬೇಡಿ.